ನೆಂಟರಿಗೆ ಮೀಸಲಾದ ಫ್ಲಶ್

ನಮ್ಮ ಇಥೆಂಬಾ ಹೌಸಿನ ದೊಡ್ಡ ಬಾಗಿಲು ದಾಟಿದ ಕೂಡಲೇ ಎಡಗಡೆಯ ಗೋಡೆಯಲ್ಲಿ ಹಿತ್ತಾಳೆಯ ಫಲಕವೊಂದು ಕಾಣುತ್ತದೆ. ಆಧುನಿಕ ಫ್ಲಶ್ಶು, ನಲ್ಲಿಗಳನ್ನು ಅಳವಡಿಸಿ ಅರ್ಧಕ್ಕರ್ಧ ನೀರು ಉಳಿಸಿದ ಕಟ್ಟಡ ಇದು ಎಂದು ಅದರಲ್ಲಿ ಕೆತ್ತಿದ್ದಾರೆ. ಬುಲವಾಯೊ ಊರಿನಲ್ಲೆಲ್ಲ ಇಂಥ ಫಲಕ ಸಿಕ್ಕಿರುವುದು ನಮಗೊಬ್ಬರಿಗೇ ಅಂತೆ. ಬೆಳಿಗ್ಗೆ ಕೊಂಬಿ ವ್ಯಾನಿನಿಂದ ಇಳಿದು, ನೂಕಾಟದಲ್ಲಿ ಸುಕ್ಕಾದ ಸ್ಕರ್ಟನ್ನು ಸರಿಮಾಡಿಕೊಂಡು ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದೇ ಅದು. ನೋಡಿದ ತಕ್ಷಣ ನನಗೆ ಮೈಯೆಲ್ಲ ಉರಿಯುತ್ತದೆ. ಸುಳ್ಳನ್ನು ಕಾಗದದ ಮೇಲೆ ಬರೆದಿದ್ದರೆ ಹರಿದು ಬಿಸಾಡಬಹುದಿತ್ತು. ಹಿತ್ತಾಳೆಯ ಮೇಲೆ ಕೆತ್ತಿಬಿಟ್ಟರೆ ಏನು ಮಾಡಬೇಕು?

ನಾನು ಮಾಡುಬೆ. ಮೂರನೆಯ ಮಹಡಿಯ ಪಿಂಚಣಿ ಕೌಂಟರಿನಲ್ಲಿ ಕೂರುವವಳು. ಈ ಕಟ್ಟಡದ ಲಿಫ್ಟು ಓಡಾಡುತ್ತಿದ್ದ ಕಾಲದಿಂದಲೂ ಇಲ್ಲಿದ್ದೇನೆ ಎಂದರೆ ಎಷ್ಟು ಹಳಬಳು ಎಂದು ನೀವೇ ಲೆಕ್ಕ ಹಾಕಿಕೊಳ್ಳಿ. ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಬಾಯಿ ಜೋರಿಲ್ಲದವರು ಈ ಊರಿನಲ್ಲಿ ಒಂದು ಬಕೆಟ್ ನೀರನ್ನೂ ಮನೆಗೆ ತಂದಿದ್ದನ್ನು ನಾನು ಕಂಡಿಲ್ಲ.

ಈಗ ಗಾಟ್ಷೇನಿಯ ವಿಷಯ. ಅವರು ನಮ್ಮ ಕಟ್ಟಡದ ಮೇಸ್ತ್ರಿ, ಕಾವಲುಗಾರ, ರಿಪೇರಿಯವರು, ಎಲ್ಲವೂ. ಮನೆತನದ ಹೆಸರು ಎನ್‌ಡ್ಲೊವು. ಆದರೆ ವಯಸ್ಸಾದವರನ್ನು ಹಾಗೆ ಬೋಳುಬೋಳಾಗಿ ಕರೆಯಲಾದೀತೇ, ಕುಲದ ಬಿರುದು ಹಿಡಿದು ಎಲ್ಲರಿಗೂ ಗಾಟ್ಷೇನಿ. ವಾಸ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಒಂದು ಕೋಣೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಆ ಕೋಣೆಯೇ ಅವರ ಮನೆ. ತ್ಸೊಲೊತ್ಸೊ ಕಡೆ ಇದ್ದ ಗುಡಿಸಲಿನ ಮಾಡು ಬಿದ್ದು ಎಷ್ಟೋ ಕಾಲವಾಗಿದೆ. ಪಾಪದ ಮನುಷ್ಯ ಎಂದುಕೊಳ್ಳಬೇಡಿ. ಮಹಾ ಜಂಬದವರು. ಕೆಲಸದ ನೀಲಿ ಡಂಗರಿ ಉಡುಪಿನ ಮೇಲೆ ಟೈ ಕಟ್ಟುತ್ತಾರೆ. ಕೆಸರು ಮೆತ್ತಿದ ಬೂಟಿನಲ್ಲಿ ಯಾರಾದರೂ ಮೆಟ್ಟಿಲು ಹತ್ತಿದರೆ ಅವರ ಅಜ್ಜನವರೆಗೂ ಬೈದು ಬರುತ್ತಾರೆ. ನನಗೂ ಅವರಿಗೂ ವಾರಕ್ಕೊಂದು ಜಗಳ ಆಗದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಕಟ್ಟಡದ ಮ್ಯಾನೇಜರ್ ವುಸುಮುಜಿ ಎನ್‌ಕೊಮಾಜಾನಾ. ನಮ್ಮ ಹುಡುಗನೇ. ಪುಮುಲಾದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಹುಟ್ಟಿದವನು. ಅವನ ತಾಯಿಯೂ ನಾನೂ ಚರ್ಚಿನಲ್ಲಿ ಒಂದೇ ಸಾಲಿನಲ್ಲಿ ನಿಂತು ಹಾಡುತ್ತೇವೆ. ಆದರೆ ಐದನೆಯ ಮಹಡಿಯಲ್ಲಿ ಕುರ್ಚಿ ಸಿಕ್ಕಿದ ಮೇಲೆ ಅವನಿಗೆ ನಮ್ಮ ಭಾಷೆಯೇ ನಾಲಿಗೆಗೆ ತೊಡಕಾಗತೊಡಗಿತು. ಅವನಿಗೆ ಅಲ್ಲೇ ಬೇರೆ ಶೌಚಾಲಯವೂ ಇದೆ, ಅದಕ್ಕೆ ಬೀಗವೂ ಇದೆ, ಬೀಗದ ಕೈ ಅವನ ಜೇಬಿನಲ್ಲಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ದಿನ ಹರಾರೆಯ ಹೆಡ್ ಆಫೀಸಿನಿಂದ ಲಾರಿ ಬಂತು. ನೀರು ಉಳಿಸುವ ಹೊಸ ಸಾಮಾನು. ಎಳೆಎಳೆಯಾಗಿ ನೀರು ಬಿಡುವ ನಲ್ಲಿಗಳು, ಎರಡು ಬಟನ್ ಇರುವ ಬಿಳಿ ಫ್ಲಶ್ ಟ್ಯಾಂಕುಗಳು. ಸಣ್ಣ ಕೆಲಸಕ್ಕೆ ಸಣ್ಣ ಬಟನ್, ದೊಡ್ಡದಕ್ಕೆ ದೊಡ್ಡದು. ಹಳೆಯ ಫ್ಲಶ್ಶು ಒಮ್ಮೆ ಎಳೆದರೆ ಒಂದು ಬಕೆಟ್‌ಗೂ ಮೀರಿ ನೀರು ಸುರಿಯುತ್ತಿತ್ತು, ಅದನ್ನು ಕಿತ್ತೆಸೆದಿದ್ದು ಒಳ್ಳೆಯದೇ ಆಯಿತು. ನಲ್ಲಿಗಳ ವಿಷಯದಲ್ಲೂ ನಾನು ಸುಳ್ಳು ಹೇಳುವುದಿಲ್ಲ, ಅವು ಚೆನ್ನಾಗಿದ್ದವು. ಆದರೆ ಫ್ಲಶ್ ಟ್ಯಾಂಕುಗಳನ್ನು ಆರಿಸಿದ್ದು ವುಸುಮುಜಿ; ಸಿಗುವುದರಲ್ಲೇ ಅಗ್ಗದ್ದನ್ನು ಆರಿಸಿದ್ದ. ಹೊರಗಿನಿಂದ ನೋಡಿದರೆ ಯಾರಿಗೆ ಗೊತ್ತಾಗುತ್ತದೆ, ಮದುವೆ ಕೇಕಿನ ಹಾಗೆ ಹೊಳೆಯುತ್ತಿದ್ದವು.

ಗಾಟ್ಷೇನಿ ಅವುಗಳನ್ನು ನೋಡಿ ಸೋತುಹೋದರು. ಅಷ್ಟು ಚಂದದ ಸಾಮಾನು ಆ ಕಟ್ಟಡಕ್ಕೆ ಅವರ ಕಾಲದಲ್ಲಿ ಬಂದೇ ಇರಲಿಲ್ಲ. ಹೊಸದು ಬಂದರೆ ನಮ್ಮಲ್ಲಿ ಏನು ಮಾಡುತ್ತಾರೆ? ನೆಂಟರಿಗೆಂದು ಎತ್ತಿಡುತ್ತಾರೆ. ನನ್ನ ಮನೆಯ ಗಾಜಿನ ಕಪಾಟಿನಲ್ಲಿರುವ ಹೂವಿನ ಕಪ್ಪುಗಳಲ್ಲಿ ನಾನು ಇವತ್ತಿನವರೆಗೂ ಒಂದು ಗುಟುಕು ಚಹಾ ಕುಡಿದಿಲ್ಲ. ಸೋಫಾದ ಪ್ಲಾಸ್ಟಿಕ್ ಬಿಚ್ಚಿಲ್ಲ. ಗಾಟ್ಷೇನಿಯೂ ಅದನ್ನೇ ಮಾಡಿದರು. ಬಟನ್‌ಗಳ ಮೇಲಿನ ಪ್ಲಾಸ್ಟಿಕ್ಕನ್ನು ಹಾಗೇ ಬಿಟ್ಟು, ಅದು ಬಿಚ್ಚಿಕೊಳ್ಳದ ಹಾಗೆ ಟೇಪು ಸುತ್ತಿ, ಪ್ರತಿ ಟ್ಯಾಂಕಿನ ಹಿಂದಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿಬಿಟ್ಟರು. ವಾಶ್ ಬೇಸಿನ್ನುಗಳ ಕೆಳಗಿನ ಬಾಗಿದ ಪೈಪು ಬಿಚ್ಚಿ ಅಲ್ಲೊಂದು ಬಕೆಟ್ ಇಟ್ಟರು. ಕೈ ತೊಳೆದ ನೀರು, ಕಪ್ಪು ತೊಳೆದ ನೀರು ಎಲ್ಲ ಆ ಬಕೆಟ್ಟಿಗೆ. ಕಮೋಡಿಗೆ ಆ ಬಕೆಟ್ಟು.

ಯಾರಾದರೂ ತಕರಾರು ತೆಗೆದರೇ? ಯಾರು ತೆಗೆಯುತ್ತಾರೆ. ನಾವೆಲ್ಲ ಮನೆಯಲ್ಲಿ ಮಾಡುವುದೇ ಅದು. ಊರಿಗೆ ನೀರು ಬರುವುದು ಸೋಮವಾರ, ಗುರುವಾರ, ಅದೂ ನಗರಸಭೆಗೆ ಮನಸ್ಸು ಬಂದರೆ. ಸ್ನಾನದ ನೀರನ್ನು ಬಟ್ಟೆಗೆ, ಬಟ್ಟೆಯ ನೀರನ್ನು ಕಮೋಡಿಗೆ ಹಾಕಿ ಬೆಳೆದವರು ನಾವು. ಆಫೀಸಿನಲ್ಲೂ ಬಕೆಟ್ ಕಂಡರೆ ಅದರಲ್ಲಿ ವಿಶೇಷವೇನು? ಒಂದು ಸಲ ಮಾತ್ರ ನಾನು ಗಾಟ್ಷೇನಿಯನ್ನು ಕೇಳಿದೆ, ಆ ಬಟನ್ ಒತ್ತುವ ಭಾಗ್ಯ ನಮಗೆ ಯಾವಾಗ ಎಂದು. ಅವರು ನಶ್ಯದ ಡಬ್ಬಿ ಮುಚ್ಚುತ್ತಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನೀವೇನು ನೆಂಟರೇ, ಮಾಡುಬೆ?" ಎಂದರು. "ದಿನಾ ಬರೋರಿಗೆ ಬಕೆಟ್ ಸಾಕು."

ಮೇಲಿನ ಮಹಡಿಯ ಬೀಗದ ಶೌಚಾಲಯದಲ್ಲಿ ಮಾತ್ರ ವಾಲ್ವ್ ತೆರೆದಿಟ್ಟಿದ್ದರು. ಮ್ಯಾನೇಜರ್ ಅಂದರೆ ಅವರ ಲೆಕ್ಕದಲ್ಲಿ ನೆಂಟ.

ತಿಂಗಳುಗಳು ಕಳೆದವು. ಕಟ್ಟಡದ ನೀರಿನ ಮೀಟರು ಅರ್ಧಕ್ಕೆ ಇಳಿಯಿತು. ಇಳಿಯದೆ ಏನು, ಆ ಒಂದು ಬೀಗದ ಶೌಚಾಲಯ ಬಿಟ್ಟರೆ ಇಡೀ ಕಟ್ಟಡದ ಕಮೋಡುಗಳು ಟ್ಯಾಂಕಿನಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ವುಸುಮುಜಿ ತನ್ನ ಶೌಚಾಲಯದಲ್ಲಿ ದಿನಾ ಬಟನ್ ಒತ್ತುತ್ತಿದ್ದವನು, ಎಲ್ಲ ಕಡೆಯೂ ಹಾಗೇ ನಡೆದಿದೆ ಎಂದುಕೊಂಡ. ಬಿಲ್ಲು ನೋಡಿ ಹಿಗ್ಗಿದ. ತಾನು ಆರಿಸಿದ ಸಾಮಾನಿನ ಮಹಿಮೆ ಎಂದು ಹೆಡ್ ಆಫೀಸಿಗೆ ಹೇಳಿದ. ಹೆಡ್ ಆಫೀಸಿನವರು ಪೇಪರಿನವರಿಗೆ ಹೇಳಿದರು. ಪೇಪರಿನಲ್ಲಿ ಅವನು ಎದೆಯುಬ್ಬಿಸಿಕೊಂಡು ನಿಂತ ಫೋಟೊ ಬಂತು. ಅವನ ತಾಯಿ ಅದನ್ನು ಚರ್ಚಿಗೆ ತಂದು ನಮಗೆಲ್ಲ ತೋರಿಸಿದಳು. ನಾನೂ ಸಂತೋಷಪಟ್ಟೆ, ದೇವರಾಣೆ. ಅವನಿಗೆ ನಿಜ ಗೊತ್ತಿಲ್ಲ ಎಂದು ನನಗೂ ಗೊತ್ತಿರಲಿಲ್ಲ. ಬಕೆಟ್ಟುಗಳನ್ನೂ ಸೇರಿಸಿಯೇ ಹೇಳಿರುತ್ತಾನೆ ಎಂದುಕೊಂಡಿದ್ದೆ.

ಪ್ರಶಸ್ತಿ ಕೊಡುತ್ತಾರೆ, ಕಂಪನಿಯ ಆಡಳಿತ ಮಂಡಳಿಯ ಅಧ್ಯಕ್ಷೆ ಖುದ್ದಾಗಿ ಬರುತ್ತಾರೆ ಎಂದು ಸುದ್ದಿಯಾಯಿತು. ಅದಕ್ಕೆ ಮುಂಚೆ ಹೆಡ್ ಆಫೀಸಿನ ಪತ್ರಿಕೆಗೆ ಚಿತ್ರ ತೆಗೆಯಲು ಒಬ್ಬ ಫೋಟೊಗ್ರಾಫರ್ ಬಂದ. ಹೊಸ ಫ್ಲಶ್ಶಿನ ಚಿತ್ರ ಬೇಕೆಂದು ನಮ್ಮ ಮಹಡಿಯ ಶೌಚಾಲಯಕ್ಕೇ ನುಗ್ಗಿದ. ಪ್ಲಾಸ್ಟಿಕ್ ಸುತ್ತಿದ ಬಟನ್ನು, ಪಕ್ಕದಲ್ಲಿ ಸೋಪಿನ ನೊರೆ ತೇಲುವ ಬಕೆಟ್ಟು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ.

ವುಸುಮುಜಿ ಬಾಗಿಲಲ್ಲಿ ನಿಂತು ನೋಡಿದ. ಒಂದಾದ ಮೇಲೊಂದು ಬಾಗಿಲು ತೆಗೆದು ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಆಗಲಾದರೂ ಅವನು ನಕ್ಕುಬಿಟ್ಟಿದ್ದರೆ, ಗಾಟ್ಷೇನಿಯ ಬೆನ್ನು ತಟ್ಟಿ, ಅಯ್ಯೋ, ಎಂಥ ಮನುಷ್ಯರಪ್ಪಾ ನೀವು ಎಂದಿದ್ದರೆ, ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಗಾಟ್ಷೇನಿಯನ್ನು ಎಲ್ಲರೆದುರು ನಿಲ್ಲಿಸಿ, ಹೇಳದೆ ಕೇಳದೆ ಪೈಪು ಬಿಚ್ಚಿದ್ದೀಯ, ಕಂಪನಿಯ ಆಸ್ತಿ ಹಾಳು ಮಾಡಿದ್ದೀಯ, ನನ್ನ ಮರ್ಯಾದೆ ತೆಗೆದಿದ್ದೀಯ ಎಂದು ತನಗಿಂತ ಮೂವತ್ತು ವರ್ಷ ಹಿರಿಯರಿಗೆ ಏಕವಚನದಲ್ಲಿ ಜಾಡಿಸಿದ. ತಿಂಗಳ ಕೊನೆಗೆ ಕೆಲಸ ಬಿಟ್ಟು ತಾರಸಿಯ ಕೋಣೆ ಖಾಲಿ ಮಾಡಬೇಕು ಎಂದ. ಗಾಟ್ಷೇನಿ ಟೈ ಸರಿಮಾಡಿಕೊಂಡರು. ತಾರಸಿಯ ಮೆಟ್ಟಿಲು ಹತ್ತಿದರು.

ನನಗೆ ತಡೆಯಲಾಗಲಿಲ್ಲ. ಮೆಟ್ಟಿಲು ಹತ್ತಿ ವುಸುಮುಜಿಯ ಕೋಣೆಗೆ ಹೋದೆ. ಕೂತುಕೊಳ್ಳಿ ಎಂದ, ಕೂರಲಿಲ್ಲ. ನೀರು ಉಳಿದದ್ದು ಆ ಬಕೆಟ್ಟುಗಳಿಂದ, ಕೆಳಗಿನ ಮಹಡಿಗಳಲ್ಲಿ ನಿನ್ನ ಫ್ಲಶ್ಶು ಇನ್ನೂ ಒಂದು ಸಲವೂ ನೀರು ಕಂಡಿಲ್ಲ, ಹಾಗಿದ್ದಮೇಲೆ ಪ್ರಶಸ್ತಿ ನಿನಗೆ, ಬೀದಿ ಅವರಿಗೆ, ಇದು ಯಾವ ನ್ಯಾಯ ಎಂದು ಕೇಳಿದೆ. ಅವನು ಕಿಟಕಿಯ ಕಡೆ ನೋಡುತ್ತಾ, ಬಕೆಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ, ಹೊರಗಿನವರು ನೋಡಿದರೆ ಏನು ಅಂದುಕೊಳ್ಳುತ್ತಾರೆ, ಎಲ್ಲ ಹೇಳಿಯಾಗಿದೆ, ಪೇಪರಿನಲ್ಲೂ ಬಂದಾಗಿದೆ ಎಂದ. ಕೊನೆಗೆ ದನಿ ತಗ್ಗಿಸಿದ.

"ಆಂಟಿ, ಇದನ್ನ ಇಲ್ಲಿಗೇ ಬಿಟ್ಟುಬಿಡಿ. ಈಗ ವಾಲ್ವ್ ತೆಗೆಸ್ತೀನಿ. ಇನ್ಮೇಲೆ ಹೇಳಿದ್ದೆಲ್ಲ ನಿಜ ಆಗುತ್ತಲ್ಲ."

"ನಿಮ್ಮಮ್ಮ ಇವತ್ತು ಬೆಳಿಗ್ಗೆ ಯಾವ ಬಟನ್ ಒತ್ತಿದಳು ವುಸುಮುಜಿ?" ಎಂದೆ. "ಪುಮುಲಾದ ನಿಮ್ಮನೆ ಹಿತ್ತಲಲ್ಲಿ ನಾಲ್ಕು ಬಕೆಟ್ ಇದೆ. ನಾನೇ ನೋಡಿದ್ದೀನಿ. ಅವಳನ್ನೂ ಮನೆ ಬಿಡಿಸ್ತೀಯೇನು?"

ಅವನು ಫೋನು ಕೈಗೆತ್ತಿಕೊಂಡ. ಅಂದರೆ ನಾನು ಹೊರಡಬೇಕು ಎಂದರ್ಥ. ಹೊರಟೆ. ಬಾಗಿಲನ್ನು ಮಾತ್ರ ಸಮಾಧಾನವಾಗಿ ಹಾಕಲಿಲ್ಲ.

ಮರುದಿನವೇ ಪ್ಲಂಬರುಗಳು ಬಂದು ಪೈಪು ಜೋಡಿಸಿದರು, ವಾಲ್ವ್ ತೆರೆದರು, ಪ್ಲಾಸ್ಟಿಕ್ ಕಿತ್ತರು. ಬಕೆಟ್ಟುಗಳನ್ನೆಲ್ಲ ಅಂಗಳಕ್ಕೆ ಎಸೆದರು. ಗಾಟ್ಷೇನಿ ಒಂದೊಂದನ್ನೇ ಆರಿಸಿ, ತೊಳೆದು, ಒಂದರೊಳಗೊಂದು ಸೇರಿಸಿ ತಾರಸಿಗೆ ಹೊತ್ತುಕೊಂಡು ಹೋದರು. ನಾವೆಲ್ಲ ಬಟನ್ ಒತ್ತತೊಡಗಿದೆವು. ಮೊದಲೆರಡು ದಿನ ಚೆನ್ನಾಗಿತ್ತು. ನಗರಸಭೆಯ ನೀರು ಬಂದ ದಿನ ಎಲ್ಲ ಕೆಟ್ಟಿತು. ನಿಂತು ಬರುವ ನೀರು ಹೇಗೆ ಬರುತ್ತದೆಂದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಮೊದಲು ಗಾಳಿ, ಆಮೇಲೆ ಕೆಂಪು ಕೆಸರು, ಆಮೇಲೆ ನೀರು. ಆ ಕೆಸರು ಅಗ್ಗದ ಫ್ಲಶ್ಶುಗಳ ರಬ್ಬರಿನ ಕೆಳಗೆ ಹೋಗಿ ಕೂತಿತು. ರಬ್ಬರು ಸರಿಯಾಗಿ ಮುಚ್ಚಿಕೊಳ್ಳದೆ ನೀರು ಸದ್ದಿಲ್ಲದೆ ಕಮೋಡಿಗೆ ಇಳಿಯತೊಡಗಿತು. ಕಣ್ಣಿಟ್ಟು ನೋಡಿದರಷ್ಟೇ ಕಾಣುವಂಥ ತೆಳುವಾದ ಎಳೆ. ಐದು ಮಹಡಿಗಳ ಕಮೋಡುಗಳಲ್ಲಿ ಹಗಲೂ ರಾತ್ರಿ ಆ ಎಳೆ ಹರಿಯುತ್ತಲೇ ಇತ್ತು.

ಟ್ಯಾಂಕಿನ ಪಕ್ಕದಲ್ಲೇ ಮಲಗುವ ಗಾಟ್ಷೇನಿಗೆ ಅದು ತಿಳಿಯಿತು. ಟ್ಯಾಂಕು ಬಡಿದರೆ ಮೊದಲು ದಪ್ಪ ಸದ್ದು ಬರುತ್ತಿದ್ದ ಕಡೆ ಈಗ ಟೊಳ್ಳು ಸದ್ದು. ಹೋಗಿ ವುಸುಮುಜಿಗೆ ಹೇಳಿದರು, ನೀರು ಎಲ್ಲೋ ಸೋರುತ್ತಿದೆ ಎಂದು. ಅದು ಇನ್ನು ನಿನ್ನ ಕೆಲಸ ಅಲ್ಲ ಎಂದು ಉತ್ತರ ಬಂತು. ಮತ್ತೆ ಹೋದರು. ನಿನಗೆ ಪ್ಯಾಕ್ ಮಾಡುವ ಕೆಲಸ ಇಲ್ಲವೇ ಎಂದು ಕೇಳಿಸಿಕೊಂಡು ಬಂದರು. ಮೂರನೆಯ ಸಲ ಹೋಗಲಿಲ್ಲ. ತಮ್ಮ ಡ್ರಮ್ಮನ್ನೂ ಆ ಬಕೆಟ್ಟುಗಳನ್ನೂ ತುಂಬಿಸಿ, ಮುಚ್ಚಳ ಹಾಕಿ ಬಾಗಿಲ ಬಳಿ ಸಾಲಾಗಿ ಇಟ್ಟರು. ಈ ಮಾತನ್ನು ಅವರು ನನ್ನ ಹತ್ತಿರ ಹೇಳಿಕೊಂಡಿದ್ದು ಆ ಗುರುವಾರ ಮಧ್ಯಾಹ್ನ, ನಾನು ಅವರಿಗೆ ಇಸಿತ್ಶ್ವಾಲಾ ಮುದ್ದೆಯೂ ಸೊಪ್ಪೂ ಕಟ್ಟಿಕೊಂಡು ಹೋಗಿದ್ದಾಗ. ಕೋಣೆಯಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ಹೆಂಡತಿಯ ಫೋಟೊ ಮಾತ್ರ ಇನ್ನೂ ಗೋಡೆಯಲ್ಲಿತ್ತು. ಅದನ್ನು ಕೊನೆಯ ದಿನ ತೆಗೆಯುತ್ತೇನೆ ಎಂದರು. ನಾನು ವುಸುಮುಜಿಯನ್ನು ಬೈದುಕೊಂಡು ಕೆಳಗಿಳಿದು ಬಂದೆ.

ಅವತ್ತು ಗುರುವಾರವಾದರೂ ನಗರಸಭೆ ನೀರು ಬಿಡಲಿಲ್ಲ. ಶುಕ್ರವಾರ ಸಮಾರಂಭ.

ಐದನೆಯ ಮಹಡಿಯ ಸಭಾಂಗಣದಲ್ಲಿ ಕುರ್ಚಿ ಹಾಕಿದ್ದರು, ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಎರಡು ಬಟನ್ನಿನ ಚಿತ್ರ. ಹೆಡ್ ಆಫೀಸಿನವರು, ಪೇಪರಿನವರು, ಚರ್ಚಿನ ಪಾದ್ರಿ. ನಮ್ಮಂಥ ಕೌಂಟರಿನ ಹೆಂಗಸರನ್ನು ಹಿಂದಿನ ಸಾಲುಗಳಲ್ಲಿ ಚಪ್ಪಾಳೆಗೆ ಕೂರಿಸಿದ್ದರು. ಮಂಡಳಿಯ ಅಧ್ಯಕ್ಷೆ ಗೊಗೊ ಮಾಹಡೆಬೆ ಬಂದರು. ಗೊಗೊ ಅಂದರೆ ನಮ್ಮಲ್ಲಿ ಅಜ್ಜಿ. ಆ ವಯಸ್ಸಿನವರನ್ನು ಇನ್ನು ಏನೆಂದು ಕರೆಯುವುದು? ಹಿಂದೆ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು, ಬೆನ್ನು ಇನ್ನೂ ನೆಟ್ಟಗೆ. ಹರಾರೆಯಿಂದ ಕಾರಿನಲ್ಲಿ ಅಷ್ಟು ದೂರ ಕೂತು ಬಂದವರು, ಬಂದವರೇ ಮೊದಲು ಕೇಳಿದ್ದು ಶೌಚಾಲಯ ಎಲ್ಲಿ ಎಂದು.

ವುಸುಮುಜಿ ಹೆಮ್ಮೆಯಿಂದ ತನ್ನ ಬೀಗದ ಕೈ ಕೊಟ್ಟ. ಸ್ವಲ್ಪ ಹೊತ್ತಿಗೆ ಅವರ ಜೊತೆಗೆ ಬಂದಿದ್ದ ಹುಡುಗಿ ಹೊರಗೆ ಬಂದು ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಓಡಿದ. ನಾಲ್ಕನೆಯ ಮಹಡಿಗೆ ಓಡಿದ, ಮೂರನೆಯದಕ್ಕೆ ಓಡಿದ. ಎಲ್ಲೂ ಬಟನ್ ಒತ್ತಿದರೆ ಒಳಗಿನಿಂದ ಬರುವುದು ಉಸಿರು ಬಿಟ್ಟ ಸದ್ದು ಅಷ್ಟೇ. ಕೊನೆಗೆ ಬೆವರುತ್ತಾ ನನ್ನ ಕುರ್ಚಿಯ ಪಕ್ಕ ಬಂದು ಬಗ್ಗಿದ.

"ಆಂಟಿ, ಎಲ್ಲಾದ್ರೂ ನೀರಿದೆಯಾ?"

"ಯಾಕಪ್ಪಾ, ದೊಡ್ಡ ಬಟನ್ ಒತ್ತಿ ನೋಡಿದ್ಯಾ?" ಎಂದೆ.

"ದಮ್ಮಯ್ಯ ಆಂಟಿ. ಅಜ್ಜಿ ಒಳಗೇ ಕೂತಿದ್ದಾರೆ."

ಸುಳ್ಳು ಯಾಕೆ, ಆ ಕ್ಷಣ ನನ್ನ ಹೊಟ್ಟೆ ತಣ್ಣಗಾಯಿತು. ಆದರೆ ಒಳಗೆ ಕೂತಿರುವುದು ಅವನಲ್ಲ, ಒಬ್ಬ ವಯಸ್ಸಾದ ಹೆಂಗಸು. ಎದ್ದೆ. ನನ್ನ ಹಿಂದೆ ಅವನೂ ತಾರಸಿಗೆ ಬಂದ. ಗಾಟ್ಷೇನಿ ತಮ್ಮ ಗಂಟಿನ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಬಾಗಿಲ ಬಳಿ ಮುಚ್ಚಳ ಹಾಕಿದ ಬಕೆಟ್ಟುಗಳು ಸಾಲಾಗಿ ನಿಂತಿದ್ದವು. ವುಸುಮುಜಿ ಅವುಗಳನ್ನು ನೋಡಿ ನನ್ನ ಹಿಂದೆ ಸರಿದ. ನಾನೇ ವಿಷಯ ಹೇಳಿದೆ. ಹೇಳಿ, ಕೊಡಬೇಡಿ ಗಾಟ್ಷೇನಿ ಎಂದೂ ಸೇರಿಸಿದೆ. ಅವನು ಮೊದಲು ಆ ಕೋಣೆಯ ಮಾತು ವಾಪಸ್ ತೆಗೆದುಕೊಳ್ಳಲಿ, ಆಮೇಲೆ ನೀರು ಎಂದೆ.

ಗಾಟ್ಷೇನಿ ನನ್ನ ಮೇಲೆಯೇ ರೇಗಿದರು.

"ಏನ್ ಮಾತಾಡ್ತೀರಿ ಮಾಡುಬೆ? ಮನೆಗೆ ನೆಂಟ್ರು ಬಂದಿದ್ದಾರೆ. ನೆಂಟರ ಮಾನ ಕಳೆದು ನಾನು ಕೋಣೆ ಉಳಿಸ್ಕೊಳ್ಳಬೇಕಾ?" ಎಂದು ಎದ್ದು, ಟೈ ಕಟ್ಟಿಕೊಂಡು, ಮೊದಲ ಬಕೆಟ್ಟಿಗೆ ಕೈ ಹಾಕಿದರು.

ನನಗೆ ಕೋಪ ತಲೆಗೇರಿತು. ಆ ಮನುಷ್ಯನ ಮೇಲೂ ಕೋಪ. ಇಷ್ಟಾದ ಮೇಲೂ ಅವರೇ ಹೊರಬೇಕೇ? ಬಕೆಟ್ಟನ್ನು ಅವರ ಕೈಯಿಂದ ಕಿತ್ತುಕೊಂಡೆ. ವುಸುಮುಜಿ, ಹಿಂದಿನ ಮೆಟ್ಟಿಲಿನಿಂದ ಹೋಗೋಣ ಆಂಟಿ, ಯಾರಿಗೂ ಕಾಣುವುದಿಲ್ಲ ಎಂದು ಬೇಡಿಕೊಂಡ. ಅವನು ಹಾಗೆ ಹೇಳದೇ ಇದ್ದಿದ್ದರೆ ನಾನು ಹಿಂದಿನ ಮೆಟ್ಟಿಲಿನಿಂದಲೇ ಹೋಗುತ್ತಿದ್ದೆನೋ ಏನೋ.

ಕೆಳಗೆ ಹೋಗಿ ಹಿಂದಿನ ಸಾಲಿನ ಹೆಂಗಸರನ್ನು ಕರೆದೆ. ಎರಡನೆಯ ಮಹಡಿಯ ಮಾಮ್ಲಿಲೊ, ಚಹಾ ಮಾಡುವ ಸಿನಿಕಿವೆ, ಲೆಕ್ಕದ ವಿಭಾಗದವರು, ಎಲ್ಲರೂ ಎದ್ದು ತಾರಸಿಗೆ ಬಂದರು. ಯಾರೂ ಏಕೆ ಎಂದು ಕೇಳಲಿಲ್ಲ. ತಲೆಯ ಮೇಲೆ ಸಿಂಬೆ ಇಟ್ಟು, ಬಕೆಟ್ಟು ಹೊತ್ತು, ಆಫೀಸಿನ ಹೈ ಹೀಲ್ಡ್ ಚಪ್ಪಲಿಯಲ್ಲೇ ಸಾಲಾಗಿ ಇಳಿದೆವು. ಸಭಾಂಗಣದ ಹಿಂದಿನ ಬಾಗಿಲಿನಿಂದ ಒಳಗೆ ಬಂದು, ಕುರ್ಚಿಗಳ ನಡುವಿನ ದಾರಿಯಲ್ಲಿ, ಹೆಡ್ ಆಫೀಸಿನವರ ಮೂಗಿನ ಕೆಳಗೆ, ಎರಡು ಬಟನ್ನಿನ ಪರದೆಯ ಮುಂದೆ ಹಾದು, ಆ ಬೀಗದ ಶೌಚಾಲಯದವರೆಗೆ ನಡೆದೆವು. ಒಂದು ಹನಿ ಚೆಲ್ಲಲಿಲ್ಲ. ಪಾದ್ರಿಗಳು ಎದ್ದು ದಾರಿ ಬಿಟ್ಟರು. ಪೇಪರಿನವನು ಫೋಟೊ ತೆಗೆಯಲು ಶುರುಮಾಡಿದ, ವುಸುಮುಜಿ ಅವನ ಕೈ ಹಿಡಿದುಕೊಂಡ.

ಗೊಗೊ ಮಾಹಡೆಬೆ ಹೊರಗೆ ಬಂದಾಗ ಬಾಗಿಲ ಮುಂದೆ ನಾವೆಲ್ಲ ನಿಂತಿದ್ದೆವು. ಅವರು ಬಕೆಟ್ಟುಗಳನ್ನು ನೋಡಿದರು, ನಮ್ಮ ತಲೆಯ ಸಿಂಬೆ ನೋಡಿದರು, ಪರದೆ ನೋಡಿದರು. ಈ ನೀರು ಎಲ್ಲಿಂದ ಬಂತು ಎಂದು ಕೇಳಿದರು. ವುಸುಮುಜಿ ಏನೋ ತಾಂತ್ರಿಕ ತೊಂದರೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. ನಿನ್ನನ್ನು ಕೇಳಲಿಲ್ಲ ಮಗು ಎಂದು ಅವರು ಅವನನ್ನು ನಿಲ್ಲಿಸಿದರು.

ನಾನು ಹೇಳಿದೆ. ಮೊದಲಿನಿಂದ ಹೇಳಿದೆ. ಪ್ಲಾಸ್ಟಿಕ್ಕಿನಿಂದ ಹಿಡಿದು, ವಾಲ್ವು, ಬೇಸಿನ್ನಿನ ಕೆಳಗಿನ ಬಕೆಟ್ಟು, ಮೀಟರು ಇಳಿದದ್ದು, ತೆರೆದ ಮೇಲೆ ಸೋರಿದ್ದು, ಹೇಳಲು ಹೋದವರನ್ನು ಅಟ್ಟಿದ್ದು, ಖಾಲಿಯಾಗಬೇಕಾದ ಕೋಣೆ, ಎಲ್ಲ. ಸಭೆಯಲ್ಲಿ ಕೆಲವರು ನಕ್ಕರು. ನೆಂಟರಿಗೆಂದು ಫ್ಲಶ್ ಎತ್ತಿಟ್ಟ ಮಾತು ಬಂದಾಗ ಗೊಗೊ ಕೂಡ ತುಟಿ ಕಚ್ಚಿಕೊಂಡರು. ಆಮೇಲೆ ಗಾಟ್ಷೇನಿಯನ್ನು ಕರೆಸಿದರು.

ಅವರು ಬಂದು ಟೊಪ್ಪಿ ತೆಗೆದು, ಎರಡು ಕೈ ಮೆತ್ತಗೆ ತಟ್ಟಿ ನಮಸ್ಕರಿಸಿ ನಿಂತರು. ಗೊಗೊ ಮೇಜಿನ ಮೇಲಿದ್ದ ಹಿತ್ತಾಳೆಯ ಫಲಕವನ್ನು ತೋರಿಸಿದರು.

"ಗಾಟ್ಷೇನಿ, ಇದರ ಮೇಲೆ ನಿಮ್ಮ ಹೆಸರು ಹಾಕಿಸಬೇಕು. ಹಾಕಿಸಲಾ?"

"ನನ್ನ ಹೆಸರು ತಗೊಂಡು ನಾನೇನು ಮಾಡಲಿ, ಗೊಗೊ?" ಎಂದರು ಅವರು. "ಹೆಸರು ಗೋಡೆ ಮೇಲೆ ಇರುತ್ತೆ, ನಾನು ಬೀದೀಲಿ ಇರ್ತೀನಿ. ನನಗೆ ಆ ತಾರಸಿ ಕೋಣೆ ಬಾಗಿಲು ಬಿಟ್ಟುಕೊಡಿ, ಸಾಕು."

ಗೊಗೊ ವುಸುಮುಜಿಯ ಕಡೆ ತಿರುಗಿದರು. ಅವನು ನೆಲ ನೋಡುತ್ತಾ, ಆ ವಿಷಯವನ್ನು ಪರಿಶೀಲಿಸಬಹುದು ಎಂದು ಇಂಗ್ಲಿಷಿನಲ್ಲೇ ಹೇಳಿದ. ಪರಿಶೀಲಿಸಬಹುದಂತೆ! ನನ್ನ ಕೈಯಲ್ಲಿ ಇನ್ನೂ ಒಂದು ತುಂಬಿದ ಬಕೆಟ್ಟಿತ್ತು. ಅದನ್ನು ತೆಗೆದುಕೊಂಡು ಹೋಗಿ ಅವನ ಮುಂದಿನ ಮೇಜಿನ ಮೇಲೆ, ಫಲಕದ ಪಕ್ಕದಲ್ಲಿ, ಧೊಪ್ಪೆಂದು ಇಟ್ಟೆ. ನೀರು ಅವನ ಭಾಷಣದ ಹಾಳೆಗಳ ಮೇಲೆ ಹಾರಿತು. ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ.

ಗೊಗೊ ನನಗೇನೂ ಹೇಳಲಿಲ್ಲ. "ಪರಿಶೀಲಿಸೋದು ಏನಿದೆ?" ಎಂದು ಅವನನ್ನು ಕೇಳಿದರು. "ಈಗಲೇ, ಇಲ್ಲೇ ಹೇಳು. ನಮ್ಮ ಭಾಷೇಲಿ ಹೇಳು, ಅವರಿಗೂ ಅರ್ಥ ಆಗಲಿ."

ಅವನು ಹೇಳಿದ. ನಾಲಿಗೆ ತೊಡರುತ್ತಾ, ಆದರೆ ಬಹುವಚನದಲ್ಲೇ, ನೀವು ಇಲ್ಲೇ ಇರಿ ಗಾಟ್ಷೇನಿ, ಕೋಣೆ ನಿಮ್ಮದೇ ಎಂದ. ಗಾಟ್ಷೇನಿ ಮತ್ತೊಮ್ಮೆ ಕೈ ತಟ್ಟಿ ನಮಸ್ಕರಿಸಿ, ಟೊಪ್ಪಿ ಹಾಕಿಕೊಂಡು ಹೋದರು. ಗಂಟು ಬಿಚ್ಚಬೇಕಿತ್ತಲ್ಲ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಂಡರೆ ನೀವು ಆಫೀಸುಗಳನ್ನು ಕಂಡಿಲ್ಲ ಎಂದರ್ಥ. ಗೊಗೊ ಹರಾರೆಗೆ ಹೊರಟ ಮೇಲೆ, ಆ ಹಿತ್ತಾಳೆಯನ್ನು ಮತ್ತೆ ಕೆತ್ತಿಸಬೇಕೆಂದು ಅವರು ಹೇಳಿದ್ದು ಯಾವ ಮೇಜಿನ ಮೇಲೆ ಕಳೆದುಹೋಯಿತೋ ದೇವರಿಗೇ ಗೊತ್ತು. ಹೆಡ್ ಆಫೀಸಿನ ಪತ್ರಿಕೆ ಅಚ್ಚಾಗಿಬಿಟ್ಟಿತ್ತು, ಬಟನ್ನಿನ ಚಿತ್ರದೊಂದಿಗೆ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಫಲಕ ಗೋಡೆ ಏರಿ ಕೂತಿದೆ, ಒಂದಕ್ಷರವೂ ಬದಲಾಗದೆ. ಬಕೆಟ್ಟಿನ ಸುದ್ದಿಯಿಲ್ಲ, ಗಾಟ್ಷೇನಿಯ ಸುದ್ದಿಯಿಲ್ಲ. ಅದರ ಕೆಳಗೆ ವುಸುಮುಜಿಯ ಹೆಸರು.

ನಾನು ಅಲ್ಲೇ ನಿಂತು ಬೈಯತೊಡಗಿದೆ. ಆ ಹೊತ್ತಿಗೆ ಗಾಟ್ಷೇನಿ ಬಂದರು. ಕೋಣೆಯ ಬೀಗದ ಕೈ ಡಂಗರಿಯ ಜೇಬಿಗೆ ಪಿನ್ನು ಹಾಕಿ ತಗುಲಿಸಿಕೊಂಡಿದ್ದರು, ಎಲ್ಲರಿಗೂ ಕಾಣುವ ಹಾಗೆ. ಫ್ಲಶ್ಶುಗಳ ವಾಲ್ವ್ ಮತ್ತೆ ತಿರುಗಿಸಿ ಮುಚ್ಚಿಯಾಗಿತ್ತು, ಬೇಸಿನ್ನುಗಳ ಕೆಳಗೆ ಬಕೆಟ್ಟು ಬಂದಾಗಿತ್ತು, ಮೀಟರು ಮತ್ತೆ ಇಳಿಯುತ್ತಿತ್ತು. ಅವರ ಕೈಯಲ್ಲಿ ನೆಲ ಒರೆಸಿ ಹಿಂಡಿದ ಬಟ್ಟೆಯಿತ್ತು. ನನ್ನ ಬೈಗುಳವನ್ನು ಪೂರ್ತಿ ಕೇಳಿದರು. ಫಲಕವನ್ನು ಒಂದು ಸಲ ಓದಿದರು. ಆಮೇಲೆ ಆ ಒದ್ದೆ ಬಟ್ಟೆಯನ್ನು ನೀಟಾಗಿ ಮಡಚಿ, ಅದರ ಮೇಲೆ ಒಣಹಾಕಿದರು.

ವುಸುಮುಜಿ ಬಂದು ತೆಗೆಸಿದ. ಮಾರನೆಯ ದಿನ ಮತ್ತೊಂದು ಬಟ್ಟೆ ಅಲ್ಲಿತ್ತು. ಯಾರು ಹಾಕುತ್ತಾರೆ ಎಂದು ಅವನು ಎಲ್ಲ ಮಹಡಿಗಳಲ್ಲೂ ವಿಚಾರಿಸಿದ, ಯಾರಿಗೂ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಹಾಕಿದ್ದು ನಾನು.